ಪಟಾನ್‌ಚೆರುವಿನ ಸುತ್ತಣ ಜೌಗುನೆಲಗಳೂ ಅವುಗಳ ನಿವಾಸಿಗಳೂ

ಹೈದರಾಬಾದಿನ ಕನ್ನಡ ಶಾಲೆಗಳಲ್ಲಿ ಓದುವ ನಮ್ಮ ವಿದ್ಯಾರ್ಥಿಗಳಲ್ಲಿ ಪಟಾನ್‌ಚೆರುವಿನ ಹೆಸರನ್ನು ಕೇಳದವರು ವಿರಳ. ರಜೆಯ ದಿನಗಳಲ್ಲಿ ಹುಮನಾಬಾದ, ಬಸವಕಲ್ಯಾಣಗಳ ಕಡೆಗೆ ಹೊರಟ ಬಸ್ಸು ನಗರವನ್ನು ಬಿಡುತ್ತಲೇ ಹಾಯುವ ದೊಡ್ಡ ಊರು ಅದು. ಕಾರಖಾನೆಗಳ ಚಿಮಣಿಗಳನ್ನೂ ಲಾರಿಗಳ ಸಾಲನ್ನೂ ಕಿಟಕಿಯಿಂದ ನೋಡಿ, ಒಮ್ಮೊಮ್ಮೆ ಮೂಗು ಮುಚ್ಚಿಕೊಂಡು, ನಾವು ಮುಂದೆ ಸಾಗುತ್ತೇವೆ. ಆ ಊರಿನ ಹೆಸರಿನೊಳಗೆ ಒಂದು ಕೆರೆ ಅಡಗಿದೆಯೆಂಬುದು ನಮಗೆ ಹೊಳೆಯುವುದಿಲ್ಲ.

ತೆಲುಗಿನ ‘ಚೆರುವು’ ನಮ್ಮ ‘ಕೆರೆ’ಯೇ ಹೊರತು ಬೇರೆಯಲ್ಲ. ಕನ್ನಡದಲ್ಲಿ ಇಕಾರ ಎಕಾರಗಳ ಮುಂದೆ ಉಳಿದುಕೊಂಡ ಕಕಾರವು ತೆಲುಗಿನಲ್ಲಿ ಚಕಾರವಾಗುವುದುಂಟು. ನಮ್ಮ ಕಿವಿ ಅವರಿಗೆ ಚೆವಿ. ನಮ್ಮ ಹಳಗನ್ನಡದ ಕೆಯ್ ಅವರಿಗೆ ಚೆಯ್ಯಿ. ಹಾಗೆಯೇ ಕೆರೆಯು ಚೆರುವು. ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಸುಮಾರು 1015ರಿಂದ 1042ರವರೆಗೆ ಆಳಿದ ಕಲ್ಯಾಣ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದ ಶಾಸನಗಳಲ್ಲಿ ಪೊಟ್ಟಳಕೆರೆ ಎಂಬ ರಾಜನಿವಾಸದ ಹೆಸರು ಬರುತ್ತದೆ. ಆ ಪೊಟ್ಟಳಕೆರೆಯೇ ಇಂದಿನ ಪಟಾನ್‌ಚೆರುವೆಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಎಂದರೆ, ಸಾವಿರ ವರ್ಷಗಳ ಹಿಂದೆಯೂ ಈ ಊರನ್ನು ಜನರು ಅದರ ನೀರಿನಿಂದಲೇ ಕರೆಯುತ್ತಿದ್ದರು.

ಕೆರೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತುಂಬಿದ ನೀರು. ಆದರೆ ಪ್ರಾಣಿಶಾಸ್ತ್ರವನ್ನು ಅಭ್ಯಸಿಸುವವರು ಕೆರೆಯ ನಡುವಿಗಿಂತ ಅದರ ಅಂಚನ್ನು ಹೆಚ್ಚು ಗಮನಿಸುತ್ತಾರೆ. ನೀರೂ ಅಲ್ಲ, ನೆಲವೂ ಅಲ್ಲ ಎಂಬಂತಹ ಆ ಕೆಸರಿನ ಪಟ್ಟಿಗೆ ನಾವು ಜೌಗು ಎನ್ನುತ್ತೇವೆ. ಹೊಲದವನಿಗೆ ಅದು ಎತ್ತು ಹೂತುಹೋಗುವ ಜಾಗ. ಮನೆ ಕಟ್ಟುವವನಿಗೆ ಮಣ್ಣು ತುಂಬಿಸಿ ಗಟ್ಟಿಮಾಡತಕ್ಕ ಜಾಗ. ಹೀಗಾಗಿ ಇಬ್ಬರೂ ಅದನ್ನು ಹಾಳುಭೂಮಿಯ ಲೆಕ್ಕಕ್ಕೆ ಸೇರಿಸಿಬಿಟ್ಟರು. ಆದರೆ ಅಲ್ಲಿ ಒಂದೊಂದು ಮೊಳದ ಅಂತರದಲ್ಲಿಯೂ ಬೇರೆ ಬೇರೆ ಸಂಸಾರಗಳು ನಡೆದಿರುತ್ತವೆ. ಆಳದ ನೀರಿನಲ್ಲಿ ನಾಮದ ಕೋಳಿಗಳು ಮತ್ತು ಬಾತುಗಳು ತೇಲುತ್ತವೆ. ನೀರುಕಾಗೆ ಮುಳುಗಿ ಮೀನು ಹಿಡಿಯುತ್ತದೆ. ತಾವರೆ, ನೈದಿಲೆಗಳು ಹರಡಿದ ಕಡೆ ದೇವನಕ್ಕಿಯು ಉದ್ದವಾದ ಬೆರಳುಗಳನ್ನೂರಿ ಎಲೆಗಳ ಮೇಲೆಯೇ ನಡೆದಾಡುತ್ತದೆ. ಈ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಕಾವು ಕೊಟ್ಟು ಮರಿಗಳನ್ನು ಕಾಯುವುದು ತಂದೆಯ ಪಾಲಿನ ಕೆಲಸ. ಜೊಂಡಿನ ಪೊದೆಗಳಲ್ಲಿ ನೇರಳೆ ಜಂಬುಕೋಳಿ ಕೆಂಪು ಕೊಕ್ಕನ್ನು ಹೊರಚಾಚಿ ಮತ್ತೆ ಅಡಗುತ್ತದೆ. ಇನ್ನೂ ಈಚೆಗೆ, ಅಂಗುಲದಷ್ಟೇ ನೀರು ನಿಂತ ಕೆಸರಿನಲ್ಲಿ, ಉತ್ತರದ ದೂರದೇಶಗಳಿಂದ ಚಳಿಗಾಲ ಕಳೆಯಲು ಬಂದ ಗದ್ದೆಗೊರವಗಳು ಹುಳುಗಳನ್ನು ಕುಕ್ಕಿ ತೆಗೆಯುತ್ತಿರುತ್ತವೆ. ಬಾಯ್ಕಳಕ ಕೊಕ್ಕರೆಯೆಂಬ ಹಕ್ಕಿಯ ಎರಡು ಕೊಕ್ಕುಗಳ ನಡುವೆ ಸದಾ ಒಂದು ಸಂದು ಉಳಿದಿರುತ್ತದೆ. ನೀರಿನ ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವ ಕೆಲಸಕ್ಕೆ ಅದು ಹೊಂದಿಕೊಂಡಿದೆ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಮಾತೊಂದಿದೆ. ಗದ್ದೆಗೊರವದ ಕಾಲುಗಳು ಎಷ್ಟು ಉದ್ದವೋ ಅಷ್ಟು ಆಳದ ನೀರು ಮಾತ್ರ ಅದಕ್ಕೆ ಉಪಯೋಗಕ್ಕೆ ಬರುತ್ತದೆ. ಆದುದರಿಂದ ಕೆರೆಯ ದಡವು ಮೆಲ್ಲಮೆಲ್ಲನೆ ಇಳಿಜಾರಾಗಿರಬೇಕು. ಇಂದು ನಗರಗಳಲ್ಲಿ ಕೆರೆಗಳನ್ನು ‘ಸುಂದರಗೊಳಿಸುವ’ ಹೆಸರಿನಲ್ಲಿ ದಡವನ್ನು ಕಡಿದು, ಕಲ್ಲು ಕಟ್ಟಿ, ಮೇಲೆ ನಡೆದಾಡುವ ದಾರಿಯನ್ನು ಮಾಡುತ್ತಾರೆ. ನೀರು ಇರುತ್ತದೆ, ದೀಪಗಳೂ ಇರುತ್ತವೆ. ಅಂಚು ಮಾತ್ರ ಇರುವುದಿಲ್ಲ. ಅಂಚಿಲ್ಲದ ಕೆರೆಗೂ ಮನೆಯ ಮೇಲಿನ ನೀರಿನ ತೊಟ್ಟಿಗೂ ಹಕ್ಕಿಗಳ ದೃಷ್ಟಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ದಖ್ಖನ್ನಿನ ಕಲ್ಲುನೆಲದಲ್ಲಿ ತಾವಾಗಿಯೇ ಆದ ಸರೋವರಗಳು ಬಹು ಕಡಿಮೆ. ನಾವು ಕಾಣುವ ಕೆರೆಗಳೆಲ್ಲ ಹೆಚ್ಚುಕಡಿಮೆ ಮನುಷ್ಯರು ಏರಿ ಕಟ್ಟಿ ನಿಲ್ಲಿಸಿದವು. ಕರ್ನಾಟಕದಲ್ಲಿ ನೀರುಗಂಟಿಯೂ ತೆಲಂಗಾಣದಲ್ಲಿ ನೀರಡಿಯೂ ತೂಬನ್ನು ಕಾದು, ಯಾರ ಗದ್ದೆಗೆ ಎಷ್ಟು ನೀರೆಂಬುದನ್ನು ನೋಡಿಕೊಂಡರು. ಬೇಸಗೆಯಲ್ಲಿ ರೈತರು ಕೆರೆಯ ಗೋಡನ್ನು ಬಂಡಿಗಳಲ್ಲಿ ಹೊಲಕ್ಕೆ ಹೊತ್ತರು. ಬೆಸ್ತರು ಮೀನು ಹಿಡಿದರು. ದನಗಳು ಅಂಚಿನ ಹುಲ್ಲನ್ನು ಮೇಯ್ದವು. ಇಷ್ಟೆಲ್ಲ ನಡೆಯುತ್ತಿದ್ದ ನೀರಿಗೇ ಹಕ್ಕಿಗಳು ಬಂದು ನೆಲೆಸಿದವು. ಆದುದರಿಂದ ನಮ್ಮ ನಾಡಿನಲ್ಲಿ ‘ಮನುಷ್ಯರು ಒಂದು ಕಡೆ, ಕಾಡುಜೀವಿಗಳು ಇನ್ನೊಂದು ಕಡೆ’ ಎಂದು ಗೆರೆ ಎಳೆಯುವುದು ಅಷ್ಟು ಸುಲಭವಲ್ಲ. ಈ ಲೇಖನದಲ್ಲಿ ನಾವು ಪರೀಕ್ಷಿಸಬೇಕೆಂದಿರುವುದು ಈ ಮಾತನ್ನೇ.

ಪಟಾನ್‌ಚೆರುವಿನಿಂದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿದರೆ ಸಂಗಾರೆಡ್ಡಿ; ಅಲ್ಲಿಗೆ ಸಮೀಪದಲ್ಲಿ ಮಂಜೀರಾ ನದಿ. ಈ ನದಿಯ ಪರಿಚಯ ಕನ್ನಡಿಗರಾದ ನಮಗೆ ಬೇರೆ ರೀತಿಯಲ್ಲಿಯೂ ಇರಬೇಕು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಲಾತೂರಿನ ಕಡೆಯಿಂದ ಬೀದರ ಜಿಲ್ಲೆಯನ್ನು ಹೊಕ್ಕು, ಅಲ್ಲಿ ಕಾರಂಜಾ ಉಪನದಿಯನ್ನು ಕೂಡಿಕೊಂಡು ತೆಲಂಗಾಣಕ್ಕೆ ಬರುತ್ತದೆ. ಕಡೆಗೆ ನಿಜಾಮಾಬಾದ್ ಜಿಲ್ಲೆಯ ಕಂದಕುರ್ತಿಯಲ್ಲಿ ಗೋದಾವರಿಯೊಡನೆ ಬೆರೆಯುತ್ತದೆ. ಬೀದರದ ರೈತನ ಹೊಲದ ಮೇಲೆ ಸುರಿದ ಮಳೆಯೇ ಹೈದರಾಬಾದಿನ ಮನೆಯ ನಲ್ಲಿಯಲ್ಲಿ ಇಳಿದದ್ದುಂಟು. 1965ರಿಂದ ಮಂಜೀರಾ ಅಣೆಕಟ್ಟಿನ ನೀರು ಕೊಳವೆಗಳಲ್ಲಿ ನಗರಕ್ಕೆ ಹರಿಯತೊಡಗಿತು. ಮೇಲ್ಗಡೆಯ ಸಿಂಗೂರು ಜಲಾಶಯದ ನೀರು 1990ರ ದಶಕದಲ್ಲಿ ಅದರ ಜೊತೆಗೂಡಿತು.

ಸಿಂಗೂರಿಗೂ ಮಂಜೀರಾ ಅಣೆಕಟ್ಟಿಗೂ ನಡುವೆ ಸುಮಾರು 36 ಕಿಲೋಮೀಟರು ಉದ್ದಕ್ಕೆ ನದಿಯ ನೀರು ನಿಂತು ಹರಡಿದೆ. ನಡುನಡುವೆ ಒಂಬತ್ತು ಸಣ್ಣ ನಡುಗಡ್ಡೆಗಳು. ಅವುಗಳ ಸುತ್ತ ಜೊಂಡು ಬೆಳೆದ ಜೌಗು. ಹಿನ್ನೀರೆಂಬುದು ಅಣೆ ಕಟ್ಟಿದ ಬಳಿಕ ಹುಟ್ಟಿದ್ದು. ಎಂದರೆ ಈ ಜೌಗು ಕೂಡ ನಗರದ ಬಾಯಾರಿಕೆಯ ಫಲವೇ. 1978ರಲ್ಲಿ ಇದನ್ನು ವನ್ಯಜೀವಿಧಾಮವೆಂದು ಘೋಷಿಸಿದರು. ಹಕ್ಕಿಗಳಿಗಾಗಿ ಎಂದು ನೀವು ಊಹಿಸಿದ್ದರೆ ಅದು ಸರಿಯಲ್ಲ. ಮೊದಲು ಇದು ಮೊಸಳೆಗಳಿಗಾಗಿ ಏರ್ಪಟ್ಟ ಧಾಮ.

ಮೊಸಳೆಯೆಂದರೆ ಕಥೆಗಳಲ್ಲಿ ಕಾಲು ಹಿಡಿದೆಳೆಯುವ ದುಷ್ಟಪ್ರಾಣಿ. ಕೋತಿಯ ಗುಂಡಿಗೆಯನ್ನು ಬಯಸಿದ ಮೊಸಳೆಯ ಕಥೆಯನ್ನು ಕೇಳದ ಬಾಲಕರಿಲ್ಲ. ಆದರೆ 1970ರ ಸುಮಾರಿಗೆ ಕಷ್ಟಕ್ಕೆ ಸಿಕ್ಕಿದ್ದುದು ಕೋತಿಯಲ್ಲ, ಮೊಸಳೆಯೇ. ಅದರ ತೊಗಲಿನಿಂದ ಚೀಲಗಳನ್ನೂ ಪಾದರಕ್ಷೆಗಳನ್ನೂ ಮಾಡುವ ವ್ಯಾಪಾರ ಬೆಳೆದು, ನಮ್ಮ ನದಿಕೆರೆಗಳಲ್ಲಿ ಅದು ಅಪರೂಪವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ಕೊಲ್ಲುವುದನ್ನು ತಡೆಯಿತು. 1975ರಲ್ಲಿ ವಿಶ್ವಸಂಸ್ಥೆಯ ನೆರವಿನೊಡನೆ ಮೊಸಳೆಗಳನ್ನು ಉಳಿಸುವ ಯೋಜನೆ ದೇಶದಲ್ಲಿ ಆರಂಭವಾಯಿತು. ಮೊಟ್ಟೆಗಳನ್ನು ಸಂಗ್ರಹಿಸಿ ಮರಿಮಾಡಿಸಿ, ಶತ್ರುಗಳ ಬಾಯಿಗೆ ತುತ್ತಾಗದಷ್ಟು ದೊಡ್ಡದಾಗುವವರೆಗೆ ಸಾಕಿ, ಬಳಿಕ ನದಿಗಳಿಗೆ ಬಿಡುವುದು ಅದರ ಕ್ರಮ. ಈ ಕೆಲಸವನ್ನು ಕಲಿಸಲು 1980ರಲ್ಲಿ ಕೇಂದ್ರ ಸಂಸ್ಥೆಯೊಂದು ನಮ್ಮ ಹೈದರಾಬಾದಿನಲ್ಲಿಯೇ ಸ್ಥಾಪಿತವಾಯಿತು. ಹೀಗೆ ಬೆಳೆಸಿದ ಮೊಸಳೆಗಳನ್ನು ಬಿಟ್ಟ ತಾಣಗಳಲ್ಲಿ ಮಂಜೀರಾ ಸಹ ಒಂದು.

ಮೊಸಳೆಯ ಗೃಹಕೃತ್ಯವು ಅದರ ಮುಖದಷ್ಟು ಒರಟಲ್ಲ. ತಾಯಿಯು ದಡದ ಮಣ್ಣಿನಲ್ಲಿ ಕುಳಿ ತೋಡಿ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಸುಮಾರು ಎರಡು ತಿಂಗಳು ಕಳೆದ ಮೇಲೆ ಮರಿಗಳು ಮೊಟ್ಟೆಯೊಳಗಿನಿಂದಲೇ ದನಿಮಾಡುತ್ತವೆ. ಅದನ್ನು ಕೇಳಿ ತಾಯಿ ಮಣ್ಣನ್ನು ಕೆದರಿ, ಮರಿಗಳನ್ನು ಬಾಯಲ್ಲಿ ಮೆಲ್ಲಗೆ ಕಚ್ಚಿಕೊಂಡು ನೀರಿಗೆ ಒಯ್ಯುತ್ತದೆ. ಆ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿಶ್ಚಯಿಸುವುದು ಮೊಟ್ಟೆಯ ಸುತ್ತಣ ಮಣ್ಣಿನ ಬಿಸಿ. ಸುಮಾರು 31 ಡಿಗ್ರಿ ಸೆಲ್ಸಿಯಸ್‌ವರೆಗೆ ಹುಟ್ಟುವವೆಲ್ಲ ಹೆಣ್ಣು, 32.5ರ ಆಸುಪಾಸಿನಲ್ಲಿ ಗಂಡುಗಳು ಹೆಚ್ಚು. ಅದನ್ನು ದಾಟಿದರೆ ಮತ್ತೆ ಹೆಣ್ಣುಗಳು. ದಡದ ಮೇಲಿನ ಮರದ ನೆರಳು ಹೋದರೆ, ಮಣ್ಣನ್ನು ಅಗೆದು ಸಾಗಿಸಿದರೆ, ಮುಂದಿನ ಪೀಳಿಗೆಯ ಮೇಲೆ ಅದರ ಪರಿಣಾಮ ಹೇಗಾದೀತೆಂಬುದನ್ನು ಯೋಚಿಸಿರಿ. ಇನ್ನೊಂದು ಚಾತುರ್ಯವನ್ನು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಕೊಕ್ಕರೆಗಳು ಗೂಡುಕಟ್ಟಲು ಕಡ್ಡಿಗಳನ್ನು ಹುಡುಕುವ ಕಾಲದಲ್ಲಿ ಮೊಸಳೆಯು ಮೂತಿಯ ಮೇಲೆ ಕಡ್ಡಿಗಳನ್ನಿಟ್ಟುಕೊಂಡು ನೀರಿನಲ್ಲಿ ಅಲುಗಾಡದೆ ಬಿದ್ದಿರುತ್ತದೆಯಂತೆ. ಕಡ್ಡಿಯ ಆಸೆಯಿಂದ ಬಂದ ಹಕ್ಕಿ ಮರಳಿ ಹೋಗುವುದಿಲ್ಲ.

ಇಂಥ ನೀರಿನಲ್ಲಿಯೇ ಬಡವರ ಹೊಟ್ಟೆಪಾಡು ಕೂಡ ಇದೆ. ದಡದ ಹಳ್ಳಿಗಳ ಬೆಸ್ತರಿಗೆ ಮೀನು ಬೇಕು. ಅದೇ ಮೀನು ಮೊಸಳೆಗೂ ನೀರುಕಾಗೆಗೂ ಬೇಕು. ಬಲೆಗೆ ಸಿಕ್ಕ ಮೀನನ್ನು ಮೊಸಳೆ ಎಳೆದರೆ ಬಲೆ ಹರಿಯುತ್ತದೆ. ಹರಿದ ಬಲೆ ನಗರದವನಿಗೆ ಒಂದು ಸಣ್ಣ ಸುದ್ದಿ. ಬೆಸ್ತನಿಗೆ ವಾರದ ಗಂಜಿ. ದನ ಕಾಯುವವನಿಗೆ ಬೇಸಗೆಯಲ್ಲಿ ಹಸುರು ಹುಲ್ಲು ಉಳಿಯುವುದು ನೀರಿನ ಅಂಚಿನಲ್ಲಿಯೇ. ಧಾಮವೆಂಬ ಹೆಸರು ಬಂದಮೇಲೆ ಕಾಯಿದೆಯು ಇವರ ಓಡಾಟಕ್ಕೆ ಮಿತಿಯನ್ನು ಹಾಕುತ್ತದೆ. ಹಾಗಾದರೆ ಇವರನ್ನೆಲ್ಲ ಹೊರಗಿಟ್ಟು ಬೇಲಿ ಹಾಕಿಬಿಟ್ಟರೆ ಹಕ್ಕಿಗಳೂ ಮೊಸಳೆಗಳೂ ಸುಖವಾಗಿರುವುದಿಲ್ಲವೆ? ಅನೇಕರು ಹೀಗೆಯೇ ತಿಳಿದಿದ್ದಾರೆ. ಇದಕ್ಕೆ ಉತ್ತರವನ್ನು ಊಹೆಯಿಂದ ಕೊಡುವುದಕ್ಕಿಂತ, ಹಾಗೆ ಮಾಡಿ ನೋಡಿದ ಎರಡು ಕಡೆಗಳ ವೃತ್ತಾಂತವನ್ನು ತಿಳಿಯುವುದು ಮೇಲು.

ಮೊದಲನೆಯದು ರಾಜಸ್ಥಾನದ ಭರತಪುರ. ಅಲ್ಲಿಯ ಕೇವಲಾದೇವ ಜೌಗು ಕೂಡ ಏರಿಗಳನ್ನು ಕಟ್ಟಿ ಮಾಡಿದ್ದು. ಹಿಂದೆ ಅರಸರು ಬಾತುಗಳನ್ನು ಬೇಟೆಯಾಡುತ್ತಿದ್ದ ಜಾಗ. 1981ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾಯಿತು. 1982ರಲ್ಲಿ ಸುತ್ತಣ ಹಳ್ಳಿಗಳ ಎಮ್ಮೆ ದನಗಳು ಅದರೊಳಗೆ ಮೇಯುವುದನ್ನು ನಿಲ್ಲಿಸಿದರು. ಹಳ್ಳಿಗರು ಪ್ರತಿಭಟಿಸಿದಾಗ ಪೊಲೀಸರು ಗುಂಡು ಹಾರಿಸಿದರು, ಪ್ರಾಣಗಳು ಹೋದುವು. ಇಷ್ಟು ದೊಡ್ಡ ಬೆಲೆ ತೆತ್ತ ಮೇಲೆ ಹಕ್ಕಿಗಳಿಗೆ ಒಳಿತಾಯಿತೆ? ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸುಮಾರು ಹತ್ತು ವರ್ಷ ಅಲ್ಲಿ ನೆಲೆಸಿ ಪರಿಶೀಲಿಸಿ, 1991ರಲ್ಲಿ ಕೊಟ್ಟ ವರದಿಯಲ್ಲಿ ಕಂಡುದು ಬೇರೆ. ಎಮ್ಮೆಗಳು ಹೋದಮೇಲೆ ನೀರಿನ ಹುಲ್ಲೊಂದು ತಡೆಯಿಲ್ಲದೆ ಬೆಳೆದು ನೀರನ್ನು ಮುಚ್ಚಿತು. ಬಾತುಗಳು ಇಳಿಯುವುದಕ್ಕೂ ಕೊಕ್ಕರೆಗಳು ಮೀನು ಹುಡುಕುವುದಕ್ಕೂ ತೆರೆದ ನೀರು ಕಡಿಮೆಯಾಯಿತು. ಎಮ್ಮೆಯು ಹಕ್ಕಿಯ ಶತ್ರುವೆಂದು ತಿಳಿದಿದ್ದರು. ಅದು ಕೂಲಿಯಿಲ್ಲದೆ ಕೆಲಸ ಮಾಡುತ್ತಿದ್ದ ತೋಟಗಾರನಾಗಿತ್ತು.

ಎರಡನೆಯದು ಇಂಗ್ಲೆಂಡಿನ ಕೇಂಬ್ರಿಜ್ ಸೀಮೆಯ ವಿಕೆನ್ ಫೆನ್. ಆ ಭಾಗದ ವಿಶಾಲವಾದ ಜೌಗುನೆಲವನ್ನು ಹದಿನೇಳನೆಯ ಶತಮಾನದಿಂದ ಕಾಲುವೆ ತೋಡಿ ಬಸಿದು ಹೊಲಗಳನ್ನಾಗಿ ಮಾಡಿದರು. ಅಲ್ಲಿ ಇಲ್ಲಿ ಉಳಿದ ತುಂಡುಗಳಲ್ಲಿ ಒಂದನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು 1899ರಿಂದ ಕೊಂಡು ರಕ್ಷಿಸುತ್ತ ಬಂದಿದೆ. ಶತಮಾನಗಳ ಕಾಲ ಹಳ್ಳಿಗರು ಮಾಡು ಹೊದಿಸುವುದಕ್ಕೆ ಅಲ್ಲಿಯ ಜೊಂಡುಹುಲ್ಲನ್ನು ಕೊಯ್ಯುತ್ತಿದ್ದರು. ಹೆಂಚಿನ ಮನೆಗಳು ಬಂದು ಕೊಯ್ಲು ತಗ್ಗಿದಾಗ ಪೊದೆಗಳೂ ಮರಗಳೂ ನುಗ್ಗಿ ಜೌಗನ್ನು ಒಣಗಿಸತೊಡಗಿದವು. ಈಗ ಅಲ್ಲಿ ಹುಲ್ಲನ್ನು ಸರದಿಯ ಪ್ರಕಾರ ಕೊಯ್ಯಿಸುತ್ತಾರೆ. 2001ರಿಂದ ಕೋನಿಕ್ ಎಂಬ ಪೋಲೆಂಡಿನ ತಳಿಯ ಕುದುರೆಗಳನ್ನು ತಂದು ಮೇಯಲು ಬಿಟ್ಟಿದ್ದಾರೆ. ನಮ್ಮಲ್ಲಿ ಗುಂಡು ಹಾರಿಸಿ ಎಮ್ಮೆಗಳನ್ನು ಹೊರಗೆ ಅಟ್ಟಿದರು. ಅವರು ಹಣ ಕೊಟ್ಟು ಕುದುರೆಗಳನ್ನು ಒಳಗೆ ತಂದರು!

ಇದರಿಂದ ‘ಯಾರು ಏನನ್ನು ಬೇಕಾದರೂ ಮಾಡಲಿ’ ಎಂದು ತಾತ್ಪರ್ಯ ತೆಗೆಯಲಾಗದು. ಮಿತಿಮೀರಿದ ಮೇವೂ ಮಿತಿಮೀರಿದ ಬಲೆಯೂ ಜೌಗನ್ನು ಹಾಳುಮಾಡುತ್ತವೆ. ಮೊಟ್ಟೆಯಿಡುವ ಕಾಲದಲ್ಲಿ ದನವಾಗಲಿ ದೋಣಿಯಾಗಲಿ ನಡುಗಡ್ಡೆಯ ಹತ್ತಿರ ಸುಳಿಯಬಾರದು. ಯಾವಾಗ, ಎಲ್ಲಿ, ಎಷ್ಟು ಎಂಬುದನ್ನು ಗೊತ್ತುಮಾಡುವುದೇ ಕಷ್ಟದ ಕೆಲಸ. ಬೇಲಿ ಹಾಕುವುದು ಅದಕ್ಕಿಂತ ಬಹಳ ಸುಲಭ. ಆದುದರಿಂದಲೇ ಬೇಲಿಯೇ ಎಲ್ಲೆಲ್ಲಿಯೂ ಮೊದಲು ಬರುತ್ತದೆ.

ಕಷ್ಟದ ಕೆಲಸವನ್ನು ಮಾಡಿ ತೋರಿಸಿದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರಿನ ನಡುವಣ ಹುಣಿಸೆ ಮೊದಲಾದ ಮರಗಳ ಮೇಲೆ, ಮನೆಗಳ ಮಾಡಿಗೆ ತಾಗಿಯೇ, ಗೂಡು ಕಟ್ಟುತ್ತವೆ. ಅವುಗಳ ಬರವು ಊರಿಗೆ ಶುಭವೆಂದು ಅಲ್ಲಿಯ ಜನರ ನಂಬಿಕೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಆದರೆ ಗೂಡಿರುವ ಮರದಿಂದ ಹುಣಿಸೆಹಣ್ಣನ್ನು ಇಳಿಸುವಂತಿಲ್ಲ. ಮರದ ಯಜಮಾನನಿಗೆ ಅದು ನಷ್ಟ. ಈ ನಷ್ಟಕ್ಕೆ ಅರಣ್ಯ ಇಲಾಖೆಯು ಪರಿಹಾರ ಕೊಡುವ ಕ್ರಮ ಬಂದಿತು. ಗೂಡಿನಿಂದ ಬಿದ್ದ ಮರಿಗಳನ್ನು ಆರೈಕೆ ಮಾಡಲು ಊರಿನ ಯುವಕರು 1994ರಲ್ಲಿ ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ನಂಬಿಕೆಯೊಂದೇ ಸಾಲದು, ಹಣವೊಂದೇ ಸಾಲದು ಎಂಬುದಕ್ಕೆ ಆ ಊರು ನಿದರ್ಶನ.

ಈಗ ಪಟಾನ್‌ಚೆರುವಿನ ಪಕ್ಕಕ್ಕೇ ಮರಳೋಣ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಅಮೀನಪುರದ ಕೆರೆಯಿದೆ. ಗೋಲ್ಕೊಂಡೆಯ ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ, ಎಂದರೆ 1550 ಮತ್ತು 1580ರ ನಡುವೆ, ಅದನ್ನು ಕಟ್ಟಿದರೆಂದು ಹೇಳುತ್ತಾರೆ. ಮುನ್ನೂರು ಎಕರೆ ಹಬ್ಬಿದ್ದ ಕೆರೆ ಕುಗ್ಗುತ್ತ ಕುಗ್ಗುತ್ತ ಸುಮಾರು 93 ಎಕರೆಗೆ ಬಂದು ನಿಂತಿತು. 2016ರಲ್ಲಿ ಸರಕಾರವು ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ನಗರದ ಎಲ್ಲೆಯೊಳಗಿನ ಕೆರೆಯೊಂದಕ್ಕೆ ಈ ಮನ್ನಣೆ ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. (ಇಂಥ ತಾಣಗಳ ಪೈಕಿ ದೇಶದಲ್ಲಿಯೇ ಮೊದಲನೆಯದು ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಿಸೆತೋಪು, 2007ರಲ್ಲಿ, ಕನ್ನಡಿಗರು ಇದನ್ನು ನೆನಪಿನಲ್ಲಿಡಬಹುದು.) 2002ರ ಜೀವವೈವಿಧ್ಯ ಕಾಯಿದೆಯ ಒಂದು ವಿಶೇಷವೆಂದರೆ, ಪಾರಂಪರಿಕ ತಾಣವನ್ನು ಘೋಷಿಸುವ ಮುನ್ನ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಬೇಕು, ಅದರಿಂದ ಯಾರ ಜೀವನೋಪಾಯಕ್ಕೆ ಧಕ್ಕೆಯಾದರೂ ಅವರಿಗೆ ಪರಿಹಾರದ ಏರ್ಪಾಡು ಇರಬೇಕು. ಭರತಪುರದಲ್ಲಿ ಕಲಿತ ಪಾಠವು ಇಲ್ಲಿ ಕಾನೂನಿನ ಮಾತಾಗಿ ಇಳಿದಿದೆಯೆಂದು ನಮಗೆ ತೋರುತ್ತದೆ.

ಅಮೀನಪುರಕ್ಕೆ ಚಳಿಗಾಲದಲ್ಲಿ ರಾಜಹಂಸಗಳು ಸಹ ಬಂದುದುಂಟು. ಉದ್ದ ಕಾಲಿನ, ತಿಳಿಗೆಂಪು ಬಣ್ಣದ ಈ ಹಕ್ಕಿ ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ಅದರ ಹಿಂದುಗಡೆಯೇ ಎತ್ತರವಾದ ಕಟ್ಟಡಗಳು ಏಳುತ್ತಿವೆ. ಇಲ್ಲಿ ಕೆರೆಗೆ ಅಪಾಯ ಬಂದಿರುವುದು ಎಮ್ಮೆಯಿಂದಲ್ಲ, ಬೆಸ್ತನ ಬಲೆಯಿಂದಲೂ ಅಲ್ಲ. ಏರಿಯನ್ನು ಕಾಯುತ್ತಿದ್ದ ನೀರಡಿಯ ಉದ್ಯೋಗ ಹೋಯಿತು. ಕೆಳಗಿನ ಗದ್ದೆಗಳು ನಿವೇಶನಗಳಾದವು. ಗದ್ದೆಯಿಲ್ಲದ ಮೇಲೆ ತೂಬಿನಿಂದ ಯಾರಿಗೆ ಪ್ರಯೋಜನ? ಕೆರೆಯಿಂದ ಬದುಕುವವರು ಇಲ್ಲವಾದೊಡನೆ ಕೆರೆಗಾಗಿ ಜಗಳವಾಡುವವರೂ ಕಡಿಮೆಯಾಗುತ್ತಾರೆ. ಬೆಸ್ತನು ನೀರಿನ ಬಣ್ಣ ಕೆಟ್ಟ ದಿನವೇ ಅದನ್ನು ಗುರುತಿಸುತ್ತಾನೆ. ಹತ್ತನೆಯ ಅಂತಸ್ತಿನ ಕಿಟಕಿಯಿಂದ ಅದು ಕಾಣುವುದು ಬಹಳ ತಡವಾಗಿ. 2015ರಿಂದ ತೆಲಂಗಾಣ ಸರಕಾರವು ‘ಮಿಷನ್ ಕಾಕತೀಯ’ ಎಂಬ ಹೆಸರಿನಲ್ಲಿ ಸಹಸ್ರಾರು ಕೆರೆಗಳ ಹೂಳೆತ್ತಿಸಿದಾಗ ರೈತರು ಆ ಗೋಡನ್ನು ಮತ್ತೆ ಹೊಲಗಳಿಗೆ ಸಾಗಿಸಿದರು. ಇದು ಹಳೆಯ ಸಂಬಂಧವನ್ನು ಪುನಃ ಕೂಡಿಸುವ ಕೆಲಸವೇ. ಗದ್ದೆಗೊರವದ ಕಾಲಿನ ಅಳತೆಯನ್ನು ಮರೆಯದೆ ದಡದ ಇಳಿಜಾರನ್ನು ಉಳಿಸಿಕೊಂಡು ಅಗೆಯಬೇಕು, ಅಷ್ಟೇ.

ಇನ್ನು ಪಟಾನ್‌ಚೆರುವಿನ ಕಾರಖಾನೆಗಳ ವಿಷಯ. ಇದನ್ನು ಬಿಟ್ಟು ಮುಂದೆ ಹೋದರೆ ನಮ್ಮ ಲೇಖನವು ಅರ್ಧ ಸತ್ಯವಾದೀತು. 1970ರ ದಶಕದಲ್ಲಿ ಇಲ್ಲಿ ಕೈಗಾರಿಕಾ ವಸಾಹತು ಬೆಳೆಯಿತು. ರೋಗಗಳನ್ನು ಗುಣಪಡಿಸುವ ಔಷಧಿಗಳ ಮೂಲದ್ರವ್ಯಗಳು ಇಲ್ಲಿ ತಯಾರಾಗಿ ದೇಶವಿದೇಶಗಳಿಗೆ ಹೋಗುತ್ತವೆ. ಆ ಕಾರಖಾನೆಗಳ ಹೊಲಸುನೀರು ಹಳ್ಳಗಳಿಗೆ ಬಿದ್ದು, ಅಲ್ಲಿಂದ ನಕ್ಕವಾಗು ಎಂಬ ಹೊಳೆಗೆ ಇಳಿಯಿತು. ನಕ್ಕವಾಗು ಸೇರುವುದು ಮಂಜೀರಾ ನದಿಯನ್ನೇ. ಹೊಳೆಯ ದಡದ ರೈತರು ಪೈರು ಒಣಗಿತೆಂದು, ಬಾವಿ ಕೆಟ್ಟಿತೆಂದು ದೂರಿದರು. 1990ರಲ್ಲಿ ವ್ಯಾಜ್ಯವು ಸುಪ್ರೀಂ ಕೋರ್ಟನ್ನು ಮುಟ್ಟಿತು. ಹಲವು ಕಾರಖಾನೆಗಳ ಹೊಲಸುನೀರನ್ನು ಒಟ್ಟಿಗೆ ಶುದ್ಧಿಮಾಡುವ ಸ್ಥಾವರವೊಂದು ಬಂದಿತು. 2007ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು, ಆ ಸ್ಥಾವರದಲ್ಲಿ ಶುದ್ಧಿಯಾಗಿ ಹೊರಬಂದ ನೀರನ್ನು ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಅದರಲ್ಲಿ ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧವು ಒಂದು ಲೀಟರಿಗೆ 31 ಮಿಲಿಗ್ರಾಮಿನವರೆಗೂ ಇದ್ದಿತು. ಆ ಔಷಧವನ್ನು ಸೇವಿಸುತ್ತಿರುವ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಇದು ಹೆಚ್ಚು.

ಔಷಧವಷ್ಟೆ, ಅದರಿಂದ ಕೇಡೇನು ಎಂದು ಯಾರಾದರೂ ಕೇಳಿಯಾರು. ಔಷಧ ಬೆರೆತ ನೀರಿನಲ್ಲಿ ದುರ್ಬಲವಾದ ರೋಗಾಣುಗಳು ಸಾಯುತ್ತವೆ, ಔಷಧವನ್ನು ತಾಳಿಕೊಳ್ಳುವಂಥವು ಮಾತ್ರ ಉಳಿದು ಬೆಳೆಯುತ್ತವೆ. ಆ ತಾಳಿಕೆಯ ಗುಣವನ್ನು ಒಂದು ರೋಗಾಣು ಇನ್ನೊಂದಕ್ಕೆ ದಾಟಿಸಬಲ್ಲದು. ಮುಂದೆ ನಮ್ಮಲ್ಲಿ ಯಾರಿಗಾದರೂ ಅಂಥ ರೋಗಾಣು ತಗಲಿದರೆ ಅದೇ ಔಷಧವು ಕೆಲಸ ಮಾಡದು. ಜೊಂಡಿನ ಬೇರು ಮಣ್ಣನ್ನು ತಡೆದು ನಿಲ್ಲಿಸುತ್ತದೆ. ಗೊಬ್ಬರದ ಸಾರವನ್ನು ಹೀರುತ್ತದೆ. ಅದರ ಮೇಲೆ ಬದುಕುವ ಸೂಕ್ಷ್ಮಜೀವಿಗಳು ಕೊಳೆಯನ್ನು ಒಡೆಯುತ್ತವೆ. ಜೌಗು ನೀರನ್ನು ಸೋಸುತ್ತದೆ ಎಂದು ಹೇಳುವುದು ಇದರಿಂದಲೇ. ಆದರೆ ಒಂದು ಊರಿನ ಔಷಧಿ ಕಾರಖಾನೆಗಳ ಹೊರೆಯನ್ನೆಲ್ಲ ಜೊಂಡಿನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ದನದವನನ್ನು ತಡೆಯಲು ಒಬ್ಬ ಕಾವಲುಗಾರ ಸಾಕು. ಕೊಳವೆಯಲ್ಲಿ ಬರುವ ವಿಷವನ್ನು ತಡೆಯಲು ಪ್ರಯೋಗಶಾಲೆ, ನ್ಯಾಯಾಲಯ, ಸರಕಾರ ಎಲ್ಲವೂ ಬೇಕಾಗುತ್ತವೆ. ಬಹುಶಃ ಇದರಿಂದಲೇ ಕಾವಲುಗಾರನ ಕಣ್ಣು ದನದವನ ಮೇಲೆಯೇ ಇರುತ್ತದೆ.

2015-16ರ ಬರಗಾಲದಲ್ಲಿ ಸಿಂಗೂರು ಹಾಗೂ ಮಂಜೀರಾ ಜಲಾಶಯಗಳೆರಡೂ ಬತ್ತಿಹೋದವು. ನಗರಕ್ಕೆ ಅಲ್ಲಿಂದ ಬರುತ್ತಿದ್ದ ನೀರು ನಿಂತುಹೋಯಿತು. ಕೃಷ್ಣೆ ಗೋದಾವರಿಗಳ ನೀರು ಕೊಳವೆಗಳಲ್ಲಿ ಬಂದು ನಮ್ಮನ್ನು ಕಾಪಾಡಿತು. ಮೊಸಳೆಗಳಿಗೆ ಕೊಳವೆಗಳಿಲ್ಲ. ನೀರು ಬತ್ತಿದಾಗ ಮೊಸಳೆಯು ದಡದಲ್ಲಿ ಬಿಲ ತೋಡಿಕೊಂಡು ತಂಪಿನಲ್ಲಿ ಅಡಗುವುದುಂಟು, ಉಳಿದ ನೀರನ್ನು ಹುಡುಕುತ್ತ ನೆಲದ ಮೇಲೆ ನಡೆದುಹೋಗುವುದುಂಟು. ಬೆಸ್ತರಿಗೂ ಆ ವರ್ಷ ಬಲೆ ಬೀಸಲು ನೀರಿರಲಿಲ್ಲ. ಮಳೆ ಬಂದು ಜಲಾಶಯ ತುಂಬಿದ ಮೇಲೆ ಬೆಸ್ತರೂ ಹಕ್ಕಿಗಳೂ ಅದೇ ಅಂಚಿಗೆ ಮರಳಿದರು.

ನಮ್ಮ ವಿದ್ಯಾರ್ಥಿಗಳಲ್ಲಿ ಆಸಕ್ತಿಯುಳ್ಳವರು ಜನವರಿ ತಿಂಗಳಿನಲ್ಲಿ ಅಧ್ಯಾಪಕರೊಡನೆ ಅಮೀನಪುರದ ಏರಿಗೆ ಹೋಗಿಬರಬಹುದು. ಆ ತಿಂಗಳಿನಲ್ಲಿ ಏಷ್ಯಾದ ಅನೇಕ ದೇಶಗಳಲ್ಲಿ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ. 1987ರಿಂದ ಇದು ನಡೆದುಬಂದಿದೆ. ಎಣಿಸುವ ವಿಧಾನವೇನೂ ಕಷ್ಟದ್ದಲ್ಲ. ಸೂರ್ಯನು ಬೆನ್ನಿಗಿರುವಂತೆ ಬೆಳಗ್ಗೆ ನಿಲ್ಲಬೇಕು. ದೊಡ್ಡ ಹಿಂಡನ್ನು ಕಂಡರೆ ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ನೀರಿನ ಮೇಲೆ ಎಷ್ಟು ಜಾಗವನ್ನು ಹಿಡಿದಿವೆಯೆಂಬುದನ್ನು ಕಣ್ಣಿನಲ್ಲಿಟ್ಟುಕೊಂಡು, ಅಂಥ ಜಾಗಗಳು ಹಿಂಡಿನಲ್ಲಿ ಎಷ್ಟಿವೆಯೆಂದು ನೋಡಬೇಕು. ಹೆಸರು ತಿಳಿಯದ ಹಕ್ಕಿಯ ಕೊಕ್ಕು, ಕಾಲು, ಬಣ್ಣಗಳನ್ನು ಬರೆದುಕೊಂಡರೆ ಸಾಕು. ಹಕ್ಕಿಗಳ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಅಂಕಣವನ್ನೂ ಎಳೆಯಿರಿ: ಆ ಬೆಳಗ್ಗೆ ಏರಿಯ ಮೇಲೆ ಕಂಡ ಮನುಷ್ಯರೆಷ್ಟು, ಬಲೆಯವರು ಯಾರು, ದನದವರು ಯಾರು, ಕಸ ತಂದು ಸುರಿದವರು ಯಾರು. ನೀರಿನ ಬಣ್ಣವೇನು, ವಾಸನೆಯಿತ್ತೆ, ದಡವು ಇಳಿಜಾರಾಗಿತ್ತೆ ಅಥವಾ ಕಲ್ಲು ಕಟ್ಟಿತ್ತೆ ಎಂಬುದನ್ನೂ ಗುರುತುಮಾಡಿಕೊಳ್ಳಿರಿ. ಆ ಹಾಳೆಯನ್ನು ಶಾಲೆಯ ಗ್ರಂಥಾಲಯದಲ್ಲಿಟ್ಟರೆ, ಮುಂದಿನ ವರ್ಷ ಹೋಗುವವರು ತಮ್ಮ ಹಾಳೆಯನ್ನು ಅದರ ಜೊತೆಗೆ ಹೋಲಿಸಿ ನೋಡಬಹುದು.